ನಮ್ಮ ಭಾವನ ಬ್ಯಾಂಡಿ

ನಮ್ಮ ಭಾವ ನೈರೋಬಿಯ ಅತ್ಯುತ್ತಮ ಬ್ಯಾಂಡಿ ಆಟಗಾರ! ಪೈಪೋಟಿ ಹೆಚ್ಚೇನಿಲ್ಲ ಅನ್ನಿ. ಈ ಊರಿನಲ್ಲಿ ಆ ಆಟ ಬಲ್ಲವರು ಅವರೊಬ್ಬರೇ. ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಮಂಜುಗಡ್ಡೆಯ ಬಯಲಿನಲ್ಲಿ, ಕಾಲಿಗೆ ಸ್ಕೇಟು ಕಟ್ಟಿಕೊಂಡು, ಕೋಲಿನಿಂದ ಚೆಂಡು ಹೊಡೆದಾಡುವ ರಷ್ಯಾದ ಆಟವದು. ನೈರೋಬಿಯಲ್ಲಿ ನಮಗೆ ಮಂಜುಗಡ್ಡೆ ಸಿಗುವುದು ಫ್ರಿಜ್ಜಿನಲ್ಲಿ, ಬಟಾಣಿ ಪೊಟ್ಟಣದ ಹಿಂದೆ.

ಡಾಕ್ಟರಿಕೆ ಓದಲು ಸೈಬೀರಿಯಾಕ್ಕೆ ಹೋದ ನಮ್ಮಕ್ಕ ಯಾರದೋ ಮೊಣಕಾಲಿಗೆ ಪಟ್ಟಿ ಕಟ್ಟಲು ಹೋಗಿ ಅವರನ್ನೇ ಕಟ್ಟಿಕೊಂಡಳು. ಹುಡುಗ ಏನು ಕೆಲಸದಲ್ಲಿದ್ದಾನೆ ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದರು. ಗೋಲ್‌ಕೀಪರ್ ಎಂದಳು ಅಕ್ಕ. ಅಮ್ಮ ಸ್ವಲ್ಪ ಯೋಚಿಸಿ, "ಪರ್ಮನೆಂಟಾ?" ಅಂದರು.

ಹದಿನಾಲ್ಕು ಚಳಿಗಾಲ ಆಡಿದ ಮೇಲೆ ಭಾವನ ಎರಡೂ ಮೊಣಕಾಲು ರಾಜೀನಾಮೆ ಕೊಟ್ಟವು. ಅಕ್ಕನಿಗೆ ಇಲ್ಲಿ ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಭಾವ ಗುಲಾಬಿ ರಫ್ತು ಮಾಡುವವರ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ರಿಪೇರಿಗೆ ಸೇರಿದರು. ಎರಡು ಡಿಗ್ರಿ ಚಳಿಯಲ್ಲಿ ಅಂಗಿಯ ತೋಳು ಮಡಚಿ ಹಾಡಿಕೊಂಡು ಕೆಲಸ ಮಾಡುವ ಈ ಪ್ರಾಣಿಯನ್ನು ನೋಡಲೆಂದೇ ಆಫೀಸಿನವರು ಸ್ವೆಟರ್ ತೊಟ್ಟು ಬರುತ್ತಾರಂತೆ!

ಕಿಲೆಲೆಶ್ವಾ ಬಡಾವಣೆಯ ಮನೆಯಲ್ಲಿ ಭಾವನ ಕೈಗೆ ಏನನ್ನೂ ಕೊಡುವಂತಿಲ್ಲ, ಎಸೆಯಬೇಕು. ನಿಂಬೆಹಣ್ಣು, ಬೀಗದ ಕೈ, ಒಮ್ಮೆ ತೆಂಗಿನಕಾಯಿ! ಬ್ಯಾಂಡಿಯಲ್ಲಿ ಗೋಲ್‌ಕೀಪರಿಗೆ ಕೋಲೇ ಇಲ್ಲವಂತೆ. ಚೆಂಡನ್ನು ಕೈಯಲ್ಲಿ ಹಿಡಿದು, ಕೈಯಿಂದಲೇ ತಮ್ಮವರಿಗೆ ಎಸೆಯಬೇಕಂತೆ. ಹಾಗಾಗಿ ತೆಂಗಿನಕಾಯಿಯೂ ನನ್ನತ್ತ ವಾಪಸು ಬಂತು.

ಇದನ್ನೆಲ್ಲ ನಂಬದವಳು ಅವರ ಹತ್ತು ವರ್ಷದ ಮಗಳು. ಸಾಕ್ಷಿಯಾದರೂ ಯಾರು? ಮೈನಸ್ ಇಪ್ಪತ್ತರಲ್ಲಿ ನಿಂತು ಆಟ ನೋಡುವಷ್ಟು ಪ್ರೀತಿ ಅಕ್ಕನಿಗಿರಲಿಲ್ಲ. ಇರುವ ಒಂದೇ ಫೋಟೋದಲ್ಲಿ ಭಾವನ ಮುಖಕ್ಕೆ ಹೆಲ್ಮೆಟ್ಟಿನ ಜಾಲರಿ! ಅಪ್ಪನ ಆಟದ ಕಥೆ ಕೇಳಿ ಶಾಲೆಯಲ್ಲಿ ಗೆಳತಿಯರು ನಕ್ಕ ದಿನ ಅವಳು ಆ ಫೋಟೋವನ್ನು ಊಟದ ಮೇಜಿನ ಮೇಲಿಟ್ಟು, "ಪಪ್ಪಾ, ದಿಸ್ ಕುಡ್ ಬಿ ಎನಿಬಡಿ," ಎಂದಳು. ಭಾವ ನಕ್ಕರು. ಆದರೆ ಆವತ್ತು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮಗಳೇ ನಂಬದ ಮೇಲೆ ಆ ಹದಿನಾಲ್ಕು ವರ್ಷ ಇದ್ದರೆಷ್ಟು, ಬಿಟ್ಟರೆಷ್ಟು?

ಕಳೆದ ತಿಂಗಳು ನಮ್ಮ ಕನ್ನಡ ಕೂಟದ ಹಾಕಿ ತಂಡಕ್ಕೆ ಗೋಲ್‌ಕೀಪರ್ ಕೈಕೊಟ್ಟ. ಎದುರಾಳಿಗಳೋ, ಅಜ್ಜನ ಕಾಲದಿಂದ ಇಲ್ಲಿ ಹಾಕಿ ಆಡಿಕೊಂಡು ಬಂದ ಸರ್ದಾರ್ಜಿಗಳು. ಕ್ಯಾಪ್ಟನ್ನಾದ ನಾನು ಭಾವನ ಕೈಕಾಲು ಹಿಡಿದು ಕರೆತಂದೆ. ಹಾಕಿಯಲ್ಲಿ ಚೆಂಡನ್ನು ತಡೆಯಬಹುದು, ಹಿಡಿದುಕೊಳ್ಳುವಂತಿಲ್ಲ ಎಂದು ಮೂರು ಸಲ ಹೇಳಿದೆ. ಇಲ್ಲಿನ ಸ್ವಾಹಿಲಿಯಲ್ಲಿ ಸವಾ, ಸವಾ, ಅಂದರೆ ಸರಿ ಸರಿ, ಎಂದು ತಲೆಯಾಡಿಸಿದರು.

ಏನು ಆಡಿದರು ಅಂತೀರಿ! ಕೊನೆಯ ನಿಮಿಷದವರೆಗೂ ಒಂದೂ ಗೋಲಿಲ್ಲ. ಆಗ ಬಂತು ಒಂದು ಸಿಡಿಲಿನಂಥ ಹೊಡೆತ. ಭಾವ ಕೋಲು ಬಿಸಾಡಿ, ಮೊಣಕಾಲು ಮರೆತು ಹಾರಿದರು. ಗಾಳಿಯಲ್ಲೇ ಚೆಂಡನ್ನು ಎರಡೂ ಕೈಯಲ್ಲಿ ಬಾಚಿದರು. ಎದ್ದವರೇ, ಹಿಂದುಮುಂದು ನೋಡದೆ, ಮೈದಾನದ ಆ ತುದಿಯಲ್ಲಿದ್ದ ನಮ್ಮ ಹುಡುಗನ ಕಾಲಬುಡಕ್ಕೆ ಎಸೆದುಬಿಟ್ಟರು! ಅಂಪೈರ್ ಸೀಟಿ ಊದಿದ. ಪೆನಾಲ್ಟಿ, ಗೋಲು, ಸೋಲು.

ಬೈಯಲೆಂದೇ ಓಡಿದೆ. ಆಟ ನೋಡಲು ಬಂದಿದ್ದ ಅವರ ಮಗಳು ನನಗಿಂತ ಮುಂಚೆ ಅಲ್ಲಿದ್ದಳು.

"ಪಪ್ಪಾ, ನೀವು ನಿಜವಾಗ್ಲೂ ಆಡಿದೀರ," ಎಂದಳು. "ಸುಳ್ಳಾಗಿದ್ರೆ ಕೈ ಹಾಗೆ ತಾನಾಗೇ ಎಸೀತಿರ್ಲಿಲ್ಲ."

ಇಷ್ಟು ವರ್ಷ ಭಾವನನ್ನು ಗೇಲಿ ಮಾಡುತ್ತಾ ಬಂದ ನನಗೂ ಒಳಗೊಳಗೇ ಅದೇ ಅನುಮಾನವಿತ್ತಲ್ಲ ಎಂದು ನಾಚಿಕೆಯಾಯಿತು. ಭಾವ ಹುಲ್ಲಿನ ಮೇಲೆ ಕುಸಿದು ಕೂತು, ಅಕ್ಕನಿಂದ ಕಲಿತ ಕನ್ನಡದಲ್ಲಿ ಮೆಲ್ಲಗೆ ಕೇಳಿದರು:

"ಎಷ್ಟು ದೂರ ಹೋಯ್ತು, ನೋಡಿದ್ಯಾ?"

"ನೋಡ್ದೆ ಪಪ್ಪಾ. ಪೂರ್ತಿ ನೋಡ್ದೆ."