ಪಟ್ಟಿ ಖಾಲಿ ಬಂದರೆ

ಪಟ್ಟಿ ಬರೆಯುವವನಿಗೆ ಎಡವಟ್ಟು ತಪ್ಪಿದ್ದಲ್ಲ. ಕಚೇರಿಯಲ್ಲಿ ಬರೆಯುವಾಗಲೂ ಆಯಿತು, ನಿವೃತ್ತನಾದ ಮೇಲೂ ಆಗುತ್ತಿದೆ. ಕೆಲವನ್ನು ಹೇಳುತ್ತೇನೆ. ಹೆಚ್ಚು ಮಾತು ನನಗಾಗುವುದಿಲ್ಲ.

ಕೆಲಸ ಸಿಕ್ಕಿದ್ದು

ಹುಣಸೂರು ಬಸ್ ನಿಲ್ದಾಣದ ಹಿಂದೆ, ಗೊಬ್ಬರದಂಗಡಿಯ ಮಹಡಿ ಮೇಲೆ ಒಂದು ಸಾಫ್ಟ್‌ವೇರ್ ಆಫೀಸು. ಮಾಲೀಕ ಕಂಪಲಾಪುರದವನು. ಒಂದು ದಿನ ಮನೆಗೇ ಬಂದ.

"ಸಾರ್, ನೀವು ಮಾತು ಕಮ್ಮಿ ಅಂತೆ."

"ಹೂಂ."

"ಅಂಥೋರೇ ಬೇಕು ಕಣ್ ಸಾರ್. ಕೆಲಸಕ್ಕೆ ಬನ್ನಿ."

ಒಳಗಿನಿಂದ ನನ್ನ ಹೆಂಡತಿ ಬಂದಳು. "ಮದುವೆ ಆದಾಗಿಂದ ನಾನು ಬೈತಾ ಇರೋ ಗುಣಕ್ಕೆ ಸಂಬಳ ಬೇರೆ ಕೊಡ್ತಾರಾ?"

ಓದುವವರು

ಕೆಲಸ ಇಷ್ಟು. ದೂರದಲ್ಲೆಲ್ಲೋ ಒಂದಿಷ್ಟು ಕಂಪ್ಯೂಟರುಗಳ ಗುಂಪು. ಅದಕ್ಕೆ ಕ್ಲಸ್ಟರ್ ಅನ್ನುತ್ತಾರೆ. ಅದರೊಳಗೆ ಪ್ರೋಗ್ರಾಮುಗಳು ಡಬ್ಬಿಯಲ್ಲಿಟ್ಟಂತೆ ಒಂದೊಂದೂ ಬೇರೆ ಬೇರೆಯಾಗಿ ಓಡುತ್ತವೆ. ಆ ಡಬ್ಬಿಗಳು ಬೆರೆಯದಿರಲೆಂದು ವಿಭಾಗ ಮಾಡಿ ಹೆಸರಿಟ್ಟಿರುತ್ತಾರೆ. ಆ ವಿಭಾಗವೇ ನೇಮ್‌ಸ್ಪೇಸ್. ಎಲ್ಲ ವಿಭಾಗಗಳ ಹೆಸರನ್ನು ಪಟ್ಟಿ ಮಾಡಿ ಕೊಡುವ ಒಂದು ಸಲಕರಣೆ ಇದೆ. ಅದನ್ನು ಬಳಸುವುದು ಮನುಷ್ಯನಲ್ಲ, ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಮು. ಬಳಸುವುದು ಹೇಗೆಂದು ಅದಕ್ಕೆ ತಿಳಿಸಲು ನಾನು ಒಂದು ಪುಟ ಬರೆಯಬೇಕು. ಕನ್ನಡವಾದರೂ ನಡೆಯುತ್ತದಂತೆ. ಉದ್ದವಾದರೆ ಮಾತ್ರ ಅದಕ್ಕೆ ಗೊಂದಲ.

"ಮನುಷ್ಯರು ಯಾರೂ ಓದಲ್ಲ ಸಾರ್, ಬೇಜಾರು ಮಾಡ್ಕೋಬೇಡಿ" ಎಂದ ಮಾಲೀಕ.

"ಅಭ್ಯಾಸ ಇದೆ. ಸರ್ಕಾರದಲ್ಲಿದ್ದೆ."

ಕೊನೆಯ ಸಾಲು

ಐದು ಸಾಲು ಬರೆದೆ. ಕೊನೆಯದು ಇದು: 'ಪಟ್ಟಿ ಖಾಲಿ ಬಂದರೆ ಏನೂ ಇಲ್ಲ ಎಂದು ತೀರ್ಮಾನಿಸಬೇಡ. ನೋಡುವ ಅನುಮತಿ ನಿನಗೆ ಇಲ್ಲದಿರಬಹುದು. ಕೇಳು.'

ಮಾಲೀಕ ಆ ಸಾಲನ್ನು ಹೊಡೆದುಹಾಕಿದ. ನಾನು ಮತ್ತೆ ಸೇರಿಸಿದೆ. ಮತ್ತೆ ಹೊಡೆದ. ಮತ್ತೆ ಸೇರಿಸಿದೆ.

"ಅಷ್ಟೂ ಗೊತ್ತಾಗಲ್ವಾ ಸಾರ್ ಅದಕ್ಕೆ? ಅಷ್ಟೊಂದು ಓದಿಕೊಂಡದೆ."

"ಓದಿಕೊಂಡವರಿಗೇ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ."

ಅವನು ನಕ್ಕು ಮೂರನೇ ಸಲವೂ ಹೊಡೆದ. ಆ ಸಾಲಿಗೆ ನಾನು ಯಾಕೆ ಜೋತುಬಿದ್ದೆ ಎಂದು ಕೇಳಲಿಲ್ಲ. ಕೇಳದಿದ್ದರೆ ನಾನು ಹೇಳುವವನಲ್ಲ.

ಹಾಡಿ

ಕಾಕನಕೋಟೆ ಕಡೆ, ಕಾಡಂಚಿನಲ್ಲಿ ಆದಿವಾಸಿಗಳ ಒಂದು ಹಾಡಿ. ಸರ್ಕಾರದಲ್ಲಿದ್ದಾಗ ಪಡಿತರಕ್ಕೆಂದು ಮನೆಗಳ ಪಟ್ಟಿ ಮಾಡಲು ಹೋಗಿದ್ದೆ. ಎಲ್ಲ ಮನೆಗೂ ಬಾಗಿಲು ಹಾಕಿತ್ತು. ಜನರೆಲ್ಲ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗಿದ್ದರು. ನಾನು ವಿಚಾರಿಸಲಿಲ್ಲ. 'ಯಾರೂ ಇಲ್ಲ' ಎಂದು ಬರೆದು ಬಸ್ಸು ಹತ್ತಿದೆ. ಇಡೀ ಹಾಡಿಗೆ ಪಡಿತರ ನಿಂತಿತು.

ಕೊಯ್ಲು ಮುಗಿದ ಮೇಲೆ ಅಲ್ಲಿಯ ಒಬ್ಬ ಅಜ್ಜಿ ಕಚೇರಿಗೆ ನಡೆದು ಬಂದಳು. ನೇರವಾಗಿ ನನ್ನ ಮೇಜಿನ ಮುಂದೆ ನಿಂತಳು.

"ಯಾರೂ ಇಲ್ಲ ಅಂತ ಬರ್ದೋನು ನೀನಾ?"

"ಹೂಂ."

"ಇಲ್ದೋಳು ಬಂದಿದ್ದೀನಿ. ಕುರ್ಚಿ ಕೊಡು."

ಕಚೇರಿಯೆಲ್ಲ ನಕ್ಕಿತು. ನಾನು ಎದ್ದು ನನ್ನ ಕುರ್ಚಿಯನ್ನೇ ಕೊಟ್ಟೆ. ಆದರೆ ಪಟ್ಟಿ ತಿದ್ದುವುದು ಕುರ್ಚಿ ಕೊಟ್ಟಷ್ಟು ಸುಲಭವಲ್ಲ. ಕಾಗದ ಮೇಜಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆಯಿತು. ಅಜ್ಜಿಯ ಹೆಸರು ಪಟ್ಟಿಗೆ ಸೇರಿದಾಗ ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ಇದ್ದಾಗ ಇಲ್ಲ ಅಂದೆವು, ಹೋದ ಮೇಲೆ ಇದ್ದಾಳೆ ಅಂದೆವು. ನಮ್ಮ ಪಟ್ಟಿ ಅಂಥದು.

ಗಿರಣಿ

ಕೆ.ಆರ್. ನಗರದ ಅಕ್ಕಿ ಗಿರಣಿಯ ಗೌಡರು ಏಜೆಂಟಿನ ಕೆಲಸ ನೋಡಲು ಬಂದರು. ಅವರ ತೂಕ, ಮೂಟೆ, ಲಾರಿ ಎಲ್ಲ ನೋಡಿಕೊಳ್ಳುವ ಪ್ರೋಗ್ರಾಮುಗಳು ಇದ್ದದ್ದು ಆ ಕ್ಲಸ್ಟರಿನಲ್ಲೇ. ಮಾಲೀಕ ದೊಡ್ಡ ಟಿವಿ ಹಾಕಿ, ವಿಭಾಗಗಳನ್ನು ಪಟ್ಟಿ ಮಾಡು ಎಂದು ಏಜೆಂಟಿಗೆ ಹೇಳಿದ. ಅದಕ್ಕೆ ಅನುಮತಿ ಕೊಡಲು ಮರೆತಿದ್ದ. ಪಟ್ಟಿ ಖಾಲಿ ಬಂತು. ಪರದೆಯ ಮೇಲೆ ಏಜೆಂಟ್ ಬರೆಯಿತು: 'ಇಲ್ಲಿ ಏನೂ ಇಲ್ಲ. ಈ ಕ್ಲಸ್ಟರನ್ನು ಅಳಿಸಬಹುದು. ಅಳಿಸಲೇ?'

ಗೌಡರು ಧಡಕ್ಕನೆ ಎದ್ದು ಗಿರಣಿಗೆ ಫೋನ್ ಮಾಡಿದರು. "ಲೇ, ಗಿರಣಿ ಅದೆಯೇನ್ಲಾ?"

ಆ ಕಡೆಯವನ ದನಿ ನಮಗೂ ಕೇಳಿಸಿತು. "ಅದೆ ಕಣ್ ಗೌಡ್ರೆ. ನೀವೆಲ್ಲಿದ್ದೀರಿ?"

ಬರೆದವರು

ಮರುದಿನ ನನ್ನ ಸಾಲು ಪುಟಕ್ಕೆ ವಾಪಸ್ಸು ಬಂತು. ಕೊನೆಯಲ್ಲಲ್ಲ, ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ.

"ನಿಮ್ಮ ಹೆಸರೂ ಹಾಕಿಸ್ತೀನಿ ಸಾರ್" ಎಂದ ಮಾಲೀಕ. ನನ್ನ ಕುರ್ಚಿಯಲ್ಲೇ ಕೂತು, ಆಫೀಸಿನವರ ಪಟ್ಟಿ ನೋಡಿ ಬರೆದವರ ಹೆಸರು ಹಾಕು ಎಂದು ಏಜೆಂಟಿಗೇ ಹೇಳಿದ. ಆ ಪಟ್ಟಿ ಬೇರೆ ಸಲಕರಣೆಯದು. ಅದರ ಪುಟದಲ್ಲಿ ನನ್ನ ಸಾಲಿರಲಿಲ್ಲ. ಅದನ್ನು ನೋಡುವ ಅನುಮತಿಯೂ ಏಜೆಂಟಿಗೆ ಇರಲಿಲ್ಲ. ಪಟ್ಟಿ ಖಾಲಿ ಬಂತು.

ನನ್ನ ದಪ್ಪಕ್ಷರದ ಸಾಲಿನ ಕೆಳಗೇ ಏಜೆಂಟ್ ಬರೆಯಿತು: 'ಬರೆದವರು: ಯಾರೂ ಇಲ್ಲ.'

ಮಾಲೀಕ ತಲೆ ಕೆರೆದುಕೊಂಡ. "ಈಗ ಸರಿ ಮಾಡಿಸ್ತೀನಿ, ಒಂದ್ನಿಮಿಷ ಸಾರ್."

"ನಿಧಾನಕ್ಕೆ ಮಾಡಿಸು" ಎಂದೆ. "ಇಲ್ದೋನು ಬಂದಿದ್ದೀನಿ. ಮೊದಲು ಕುರ್ಚಿ ಕೊಡು."