ಕಸ್ತೂರೆವ್ವನ ಪಡಸಾಲೆಯ ಸಂರಕ್ಷಣೆ

ನಾಲತವಾಡದ ಆಚೆಗಿನ ಹಳ್ಳಿಯೊಂದರಲ್ಲಿ ಎರಡು ವರ್ಷ ಮನುಷ್ಯರಿಲ್ಲದ ಕಾರಣ ಚಿಗರಿಗಳು, ಅಂದರೆ ಜಿಂಕೆಗಳು, ಅಭಿವೃದ್ಧಿ ಹೊಂದಿದವೆಂದು ಸರ್ಕಾರ ಅಧಿಕೃತವಾಗಿ ಒಪ್ಪಿದೆ. ಊರವರೆಲ್ಲ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದರು. ಹೊಲ ಬೀಳುಬಿದ್ದು ಹುಲ್ಲು ಬಂತು, ಹುಲ್ಲಿಗೆ ಚಿಗರಿ ಬಂದವು, ಚಿಗರಿಗಳಿಗೆ ಕಚೇರಿ ಬಂತು.

ದಸರೆಯ ಮರುದಿನ ಕಸ್ತೂರೆವ್ವ, ನೆರೆಮನೆಯ ಅಬಿದಾ ಗೋವಾದಿಂದ ಮರಳಿ, ಗಂಟು ಹೊತ್ತು ಟೆಂಪೊ ಇಳಿದರು. ಕಸ್ತೂರೆವ್ವನ ಬಾಗಿಲಿಗೆ ಸರ್ಕಾರಿ ಬೀಗವಿತ್ತು. ಚಿಗರಿಗಳು ಕುಸಿದ ಹಿತ್ತಲ ಗೋಡೆಯ ಮೂಲಕ ಒಳಹೊರಗೆ ಓಡಾಡುತ್ತಿದ್ದವು.

ಸಂರಕ್ಷಣಾಧಿಕಾರಿ ಕಲ್ಮೇಶ ಮರ್ಯಾದೆಯಿಂದಲೇ ಹೇಳಿದರು: "ನಿಮ್ಮ ಪಡಸಾಲ್ಯಾಗ ಚಿಗರಿ ಮರಿ ಹಾಕೈತ್ರಿ, ಯವ್ವಾ. ಒಳಗ ಬಿಡಾಕ ಬರಂಗಿಲ್ಲ."

"ಅಲ್ಲೇ ನಾನೂ ಮೂರು ಹಡದೇನ್ರಿ."

"ಆವಾಗ ಕಚೇರಿ ಇರಲಿಲ್ರಿ."

ನಿಯಮ ಏಳರಂತೆ, ಆರು ತಿಂಗಳು ಕಾಣಿಸದ ಜೀವಿ ಆ ಪ್ರದೇಶದ್ದಲ್ಲ. ಕಸ್ತೂರೆವ್ವ ಮತದಾರರ ಚೀಟಿ ತೋರಿಸಿದಳು. ಅದು ಮನುಷ್ಯರ ದಾಖಲೆಯಾದ್ದರಿಂದ ಪರಿಗಣಿಸಲಾಗಲಿಲ್ಲ. ಆಕೆ ಗಂಟಿನ ಮೇಲೆಯೇ ಕುಳಿತು ತನ್ನ ಬಾಗಿಲನ್ನು ನೋಡತೊಡಗಿದಳು.

ಗೋವಾದ ಮೇಸ್ತ್ರಿಗಳೊಡನೆ ವಾದಿಸಿ ಪಳಗಿದ ಅಬಿದಾ ಮುಂದೆ ಬಂದಳು.

"ಸಾಹೇಬ್ರ, ಆಲಮಟ್ಟಿ ಹಿನ್ನೀರಿಗೆ ಪರದೇಶದ ಹಕ್ಕಿ ಬರ್ತಾವು. ಅವಕ್ಕ ಯಾರರ ತಕರಾರು ಮಾಡ್ತಾರೇನ್ರಿ?"

"ಅವು ವಲಸೆ ಜೀವಿರಿ. ಅವಕ್ಕ ಅವಕಾಶ ಐತಿ."

"ನಾವೂ ವಲಸೆ ಹೋದವರ ಅಲ್ಲೇನ್ರಿ?"

ಕಲ್ಮೇಶ ಕಡತ ತಿರುವಿ ಹಾಕಿದರು. ಆಕೆಯ ವಾದದಲ್ಲಿ ತಪ್ಪೇನೂ ಸಿಗಲಿಲ್ಲ. ಮೂರನೆಯ ದಿನ ಆದೇಶ ಹೊರಬಿತ್ತು: ಸದರಿ ಇಬ್ಬರನ್ನು ಋತುಮಾನದ ವಲಸೆ ಜೀವಿಗಳೆಂದು ನೋಂದಾಯಿಸಲಾಗಿದೆ; ದಸರೆಯಿಂದ ಯುಗಾದಿಯವರೆಗೆ ಅಬಿದಾಳ ಮನೆಯಲ್ಲಿ ತಂಗಬಹುದು; ವಲಸೆ ಹಕ್ಕಿಗಳಂತೆ ಕಾಲಿಗೆ ನಂಬರಿನ ಬಳೆ ಕಡ್ಡಾಯ.

ಸಂಕ್ರಾಂತಿಯ ಹೊತ್ತಿಗೆ ಚಿಗರಿ ನೋಡುವವರ ಜೀಪುಗಳಿಗಾಗಿ ರಸ್ತೆಯಾಯಿತು, ಅವರ ಊಟಕ್ಕೆ ಹೋಟೆಲಾಯಿತು. ಗದ್ದಲಕ್ಕೆ ಬೆದರಿದ ಚಿಗರಿಗಳು ಮರಿಗಳೊಂದಿಗೆ ಸಿಂದಗಿಯ ಕಡೆ ಹೊರಟುಹೋದವು.

ಕಸ್ತೂರೆವ್ವ ಕಚೇರಿಗೆ ಹೋದಳು. "ಈಗರ ಬೀಗ ತಗೀರಿ, ಸಾಹೇಬ್ರ."

ಕಲ್ಮೇಶರಿಗೆ ನಿಜಕ್ಕೂ ಬೇಸರವಾಯಿತು. "ಹೊಟ್ಟಿಪಾಡಿಗೆ ಹೋಗ್ಯಾವ್ರಿ, ಯವ್ವಾ. ನಾಳೆ ತಿರುಗಿ ಬಂದು, ನಮ್ಮ ಮನಿ ಎಲ್ಲಿ ಅಂದ್ರ ಏನ್ ಹೇಳೂಣು?"

ಕಸ್ತೂರೆವ್ವ ಬಗ್ಗಿ ಕಾಲಿನ ಬಳೆ ಸರಿಪಡಿಸಿಕೊಂಡಳು. "ಅದೂ ಖರೇನ ಐತ್ರಿ," ಎಂದು ಹೊರಬಂದಳು.

ಪ್ರವಾಸಿಗರು ಮಾತ್ರ ಬರುತ್ತಲೇ ಇದ್ದರು. ತೋರಿಸಲು ಚಿಗರಿ ಇಲ್ಲದೆ ಕಚೇರಿಯ ಕಾವಲುಗಾರ ಗುರಪ್ಪ ಅವರನ್ನು ಅಬಿದಾಳ ಅಂಗಳದ ಬೇಲಿಯವರೆಗೆ ಕರೆತಂದ. ಒಳಗೆ ಇಬ್ಬರೂ ಜೋಳ ಹಸನು ಮಾಡುತ್ತಿದ್ದರು.

"ಮೆಲ್ಲಕ ಮಾತಾಡ್ರಿ," ಎಂದ ಗುರಪ್ಪ. "ಇವು ಯುಗಾದಿ ತನಾ ಅಷ್ಟ ಇರ್ತಾವು."

"ಹೌದ್ರಿ," ಎಂದಳು ಅಬಿದಾ ಮೊರದಲ್ಲಿ ಜೋಳ ಕೇರುತ್ತಲೇ, "ಯುಗಾದಿ ತನಾ ಅಷ್ಟ."