ಗಿರಿಜಾ ಬಟ್ಟೆ ಒಗೆದ ಕಲ್ಲು

ಊರಿನ ಬಗ್ಗೆ ಪುಸ್ತಕ ಬರೆಯುವವರಿಗೆ ಮನೆಯ ಬಗ್ಗೆ ಏನೂ ಗೊತ್ತಿರುವುದಿಲ್ಲ. ಇದು ನನ್ನ ಸ್ವಂತ ಅನುಭವದ ಮಾತು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಮ್ಮ ನರೇಗಲ್ಲಿನ ಮೇಲೊಂದು ಸಣ್ಣ ಪುಸ್ತಕ ಬರೆಯಲು ಕೂತೆ. ಭೂಗೋಳ, ಇತಿಹಾಸ, ಜನಸಂಖ್ಯೆ ಎಂದು ಮೂರು ಅಧ್ಯಾಯ. ಭೂಗೋಳವೆಂದರೆ ನಮ್ಮಲ್ಲಿ ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಚಪ್ಪಲಿ ಕಿತ್ತಿಟ್ಟುಕೊಳ್ಳುತ್ತದೆ, ಧೋತರಕ್ಕೆ ಹತ್ತಿತೆಂದರೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಈ ಕೊನೆಯ ಸಂಗತಿಯನ್ನು ನಾನು ಬರೆಯಲಿಲ್ಲ. ನನಗೆ ಗೊತ್ತಿದ್ದರೆ ತಾನೆ? ನನ್ನ ಧೋತರ ದಿನಾ ಬೆಳಿಗ್ಗೆ ಬೆಳ್ಳಗೆ ಗೂಟದ ಮೇಲೆ ಇರುತ್ತಿತ್ತು.

ಇತಿಹಾಸಕ್ಕಾಗಿ ಶಾಸನಗಳ ಬೆನ್ನು ಹತ್ತಿದೆ. ನಮ್ಮ ಕಡೆ ಶಾಸನದ ಕಲ್ಲು ಗುಡಿಯಲ್ಲಿರುವುದಕ್ಕಿಂತ ಬಚ್ಚಲಲ್ಲಿ, ಬಾವಿಕಟ್ಟೆಯಲ್ಲಿ, ದನದ ಕೊಟ್ಟಿಗೆಯಲ್ಲಿ ಇರುವುದೇ ಹೆಚ್ಚು. ಚಪ್ಪಟೆ ಕಲ್ಲು ಕಂಡರೆ ಮನೆಗೆ ತಂದು ಹಾಕಿಕೊಳ್ಳುವ ಜನ ನಾವು. ಅಸೂಟಿ ಎಂಬ ಹಳ್ಳಿಯಲ್ಲಿ ಒಬ್ಬರ ಕೊಟ್ಟಿಗೆಗೆ ತಲೆ ಹಾಕಿ ಎತ್ತಿನಿಂದ ಹಾಯಿಸಿಕೊಂಡೂ ಬಂದೆ. ಕೆಸರು ಮೆತ್ತಿಕೊಂಡು ಬಂದವನ ಧೋತರ ಇಸಿದುಕೊಳ್ಳುತ್ತ ಹೆಂಡತಿ ಗಿರಿಜಾ ಅಂದಿದ್ದಳು:

“ಹಿತ್ತಲದಾಗ ನಾ ಬಟ್ಟಿ ಒಗಿಯೋ ಕಲ್ಲಿನ ಮ್ಯಾಲೂ ಏನೋ ಅಕ್ಷರ ಇದ್ದಂಗ ಕಾಣ್ತಾವ್ರಿ. ಒಮ್ಮೆ ಬಂದು ನೋಡಬಾರ್ದ?”

“ಸಬಕಾರದ ಕಲಿ ಇರಬೇಕು, ಬಿಡು” ಎಂದು ಸೋಪಿನ ಮೇಲೆ ಹಾಕಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮೂವತ್ತು ವರ್ಷ ಮಕ್ಕಳಿಗೆ ವಿವರಿಸಿದವನು ನಾನೇ.

ಪುಸ್ತಕ ಅಚ್ಚಿಗೆ ಹೋದ ವಾರವೇ ಗಿರಿಜಾ ತೀರಿಕೊಂಡಳು. ಎದೆನೋವು ಅಂದಳು, ಗದಗಿನ ದವಾಖಾನೆ ಮುಟ್ಟುವ ಮೊದಲೇ ಮುಗಿಯಿತು. ದಿನಕರ್ಮಗಳೆಲ್ಲ ಆದ ಮೇಲೆ ತಿದ್ದುವುದಕ್ಕೆಂದು ಕರಡು ಬಂತು. ಜನಸಂಖ್ಯೆಯ ಪುಟದಲ್ಲಿ ಕಣ್ಣು ನಿಂತಿತು. ರೋಣಕ್ಕೆ ಹೋಗಿ ಪ್ರೆಸ್ಸಿನ ಬಸಣ್ಣನಿಗೆ “ಇದರಾಗ ಒಂದು ಕಮ್ಮಿ ಮಾಡಪಾ” ಎಂದೆ.

“ಒಬ್ಬರ ಸಲುವಾಗಿ ಯಾಕ ತಿದ್ದತೀರಿ ಮಾಸ್ತರ್ರ? ಇಷ್ಟೊತ್ತಿಗೆ ಊರಾಗ ಮತ್ತೊಂದು ಹುಟ್ಟಿರ್ತೈತಿ. ಬರೋಬ್ಬರಿ ಆತು” ಎಂದ.

ಯಾರು ಹೋದರೆಂದು ಅವನಿಗೆ ಗೊತ್ತಿರಲಿಲ್ಲ. ಕರಡನ್ನು ಹಾಗೇ ಅವನ ಮೇಜಿನ ಮೇಲಿಟ್ಟು ಎದ್ದೆ. ಬಸ್ಸಿನಲ್ಲಿ ಬರುವಾಗ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಅತ್ತೆ. ಪಕ್ಕದವನು ಧೂಳಿಗೆ ಹಾಗೆ ಮಾಡಿದೆನೆಂದು ತಿಳಿದು ಪಾಪ, ಕಿಟಕಿ ಮುಚ್ಚಿದ.

ಅಷ್ಟರಲ್ಲಿ ಧೋತರಗಳೆಲ್ಲ ಮಣ್ಣಾಗಿ ಮೂಲೆ ಸೇರಿದ್ದವು. ಬಕೆಟ್ಟು ಹಿಡಿದು ಜೀವಮಾನದಲ್ಲಿ ಮೊದಲ ಸಲ ಹಿತ್ತಲಿಗೆ ಒಗೆಯಲು ಹೋದೆ. ಕಲ್ಲಿನ ಮೇಲೆ ನೀರು ಸುರುವಿದ್ದೇ ತಡ, ಅಕ್ಷರ ಎದ್ದು ಬಂದವು. ಹಳೆಗಾಲದ ಅಕ್ಷರ. ತುದಿಯಲ್ಲಿ ಸೂರ್ಯನಿದ್ದ. ಚಂದ್ರ ಇರಬೇಕಾದಲ್ಲಿಂದ ಕೆಳಗೆ ಕಲ್ಲು ನುಣ್ಣಗೆ ಸವೆದು ತಗ್ಗು ಬಿದ್ದಿತ್ತು. ಯಾವ ಅರಸ, ಯಾರಿಗೆ ಏನು ಕೊಟ್ಟ ಎಂಬುದೆಲ್ಲ ಆ ತಗ್ಗಿನಲ್ಲಿ ಹೋಗಿತ್ತು. ಉಳಿದದ್ದು ಕೊನೆಯ ಸಾಲು, ಎಲ್ಲ ಶಾಸನಗಳಲ್ಲೂ ಇರುವ ಶಾಪ: ಇದನ್ನು ಅಳಿಸಿದವರಿಗೆ ಕಾಶಿಯಲ್ಲಿ ಆಕಳನ್ನು ಕೊಂದ ಪಾಪ. ಅಳಿಸಿದವಳು ಗಿರಿಜಾ, ಖರೆ. ಆದರೆ ಧೋತರ ಯಾರದು? ಪಾಪ ಯಾರ ತಲೆಗೆಂದು ಹೇಳಲು ಪಂಡಿತರು ಬೇಕಿಲ್ಲ. ತಗ್ಗಿನಲ್ಲಿ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ಪುಸ್ತಕ ಬಂದಿದೆ. ಜನಸಂಖ್ಯೆ ತಿದ್ದಿಲ್ಲ, ಈ ಶಾಸನವನ್ನು ಸೇರಿಸಿಲ್ಲ. ಬಲ್ಲವರಿಗೆ ಹೇಳಿದರೆ ಬಂದು ನೋಡಿ, ನಡುವಿನ ಭಾಗ ಹಾಳಾಗಿದೆ ಎಂದು ಬರೆದುಕೊಂಡು ಹೋಗುತ್ತಾರೆ. ನನಗೆ ಬೇಕಾದದ್ದು ಆ ಹಾಳಾದ ಭಾಗವೇ. ಅದು ನನ್ನ ಕೈಯಿಂದ ಇನ್ನಷ್ಟು ಸವೆಯಬಾರದೆಂದು ಕಲ್ಲಿನ ಪಕ್ಕ ಕೂತು ಬಕೆಟ್ಟಿನಲ್ಲೇ ಧೋತರ ತಿಕ್ಕುತ್ತೇನೆ. ಎರೆಮಣ್ಣು ಬಿಡುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಶಾಂತವ್ವ ನನ್ನ ಧೋತರದ ಬಣ್ಣ ನೋಡಲಾರದೆ, “ಮಾಸ್ತರ್ರ, ಸಬಕಾರ ಸ್ವಲ್ಪ ಚಲೋದು ತೊಗೋರಿ” ಅಂದಳು.

“ಸಬಕಾರ ಮೊದಲಿನದ ಐತವಾ,” ಅಂದೆ, “ಒಗಿಯಾಂವ ಹೊಸಬ.”